ಆಸ್ಕರ್: ಹೆಸರಿನ ನಿಷ್ಪತ್ತಿ ಮತ್ತು ಪ್ರಸಾರ

ವ್ಯಕ್ತಿನಾಮಗಳ ಅಧ್ಯಯನವೆಂದರೆ ಹೆಸರಿನ ಮೂಲರೂಪವನ್ನು ಗುರುತಿಸಿ ಅರ್ಥ ಹೇಳುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಈ ಕ್ರಮ ಎಷ್ಟರಮಟ್ಟಿಗೆ ಸಾಲುತ್ತದೆ ಎಂಬುದನ್ನು ಪರಿಶೀಲಿಸಲು ಕೆಲ್ಟಿಕ್ ಪರಂಪರೆಯ ‘ಆಸ್ಕರ್’ ಎಂಬ ಗಂಡುಹೆಸರು ಒಳ್ಳೆಯ ನಿದರ್ಶನವಾಗಿದೆ.

ಐರಿಷ್ ಭಾಷೆಯಲ್ಲಿ ‘ಒಸ್’ ಎಂದರೆ ಜಿಂಕೆ, ‘ಕಾರ’ ಎಂದರೆ ಗೆಳೆಯ. ಇವೆರಡೂ ಸೇರಿ ‘ಜಿಂಕೆಗಳ ಗೆಳೆಯ’ ಎಂಬರ್ಥದ ಹೆಸರಾಯಿತೆಂಬುದು ಪ್ರಚಲಿತ ವಿವರಣೆ. ಐರಿಷ್ ವೀರಕಥೆಗಳು ಇದಕ್ಕೆ ಪುಷ್ಟಿ ನೀಡುತ್ತವೆ. ಅಲ್ಲಿ ಆಸ್ಕರ್ ಫಿನ್ ಎಂಬ ವೀರನ ಮೊಮ್ಮಗ. ಅವನ ತಂದೆ ಒಶೀನನ ಹೆಸರಿಗೆ ‘ಜಿಂಕೆಮರಿ’ ಎಂದರ್ಥ. ಒಶೀನನ ತಾಯಿ ಮಾಯೆಗೆ ಸಿಲುಕಿ ಜಿಂಕೆಯಾದವಳು. ಆದರೆ ಪ್ರಾಚೀನ ಇಂಗ್ಲಿಷಿನಲ್ಲಿ ‘ಓಸ್’ ಎಂದರೆ ದೇವರು, ‘ಗಾರ್’ ಎಂದರೆ ಈಟಿ. ‘ಓಸ್ಗಾರ್’ ಎಂಬ ಹೆಸರೂ ಅಲ್ಲಿತ್ತು. ಆದ್ದರಿಂದ ಧ್ವನಿಸಾಮ್ಯವೊಂದರಿಂದಲೇ ನಿಷ್ಪತ್ತಿಯನ್ನು ನಿರ್ಣಯಿಸಲಾಗದು.

ಈ ಹೆಸರು ಐರ್ಲೆಂಡಿನಾಚೆಗೆ ಹಬ್ಬಿದ ಬಗೆ ಇನ್ನೂ ಕುತೂಹಲಕರವಾದುದು. ಸ್ಕಾಟ್ಲೆಂಡಿನ ಜೇಮ್ಸ್ ಮ್ಯಾಕ್‌ಫರ್ಸನ್ 1760ರಿಂದ ಕೆಲವು ಕೃತಿಗಳನ್ನು ಪ್ರಕಟಿಸಿ, ಅವು ಒಸಿಯನ್, ಅಂದರೆ ಒಶೀನ್, ಎಂಬ ಪ್ರಾಚೀನ ಕವಿಯ ಗೇಲಿಕ್ ಕಾವ್ಯದ ಅನುವಾದಗಳೆಂದು ಸಾರಿದನು. ಸ್ಯಾಮ್ಯುಯೆಲ್ ಜಾನ್ಸನ್ ಅವುಗಳ ಪ್ರಾಮಾಣ್ಯವನ್ನು ಅಲ್ಲಗಳೆದನು. ಜನಪದ ಸಾಮಗ್ರಿಯನ್ನು ಬಳಸಿದ್ದರೂ ಬಹುಭಾಗ ಮ್ಯಾಕ್‌ಫರ್ಸನ್ನನದೇ ರಚನೆ ಎಂಬುದು ಇಂದು ವಿದ್ವಾಂಸರು ಒಪ್ಪಿರುವ ಸಂಗತಿ. ಆದರೂ ಯುರೋಪು ಅವುಗಳಿಗೆ ಮಾರುಹೋಯಿತು. ನೆಪೋಲಿಯನ್ ಒಸಿಯನ್ನನ ಅಭಿಮಾನಿಯಾಗಿದ್ದನು; ಸೇನಾನಿ ಬರ್ನಡಾಟನಿಗೆ 1799ರಲ್ಲಿ ಹುಟ್ಟಿದ ಮಗನಿಗೆ ಆಸ್ಕರ್ ಎಂಬ ಹೆಸರೂ ಬಂದಿತು. ಮುಂದೆ ಬರ್ನಡಾಟ್ ಸ್ವೀಡನ್ನಿನ ದೊರೆಯಾದನು. ಮಗ 1844ರಲ್ಲಿ ಒಂದನೆಯ ಆಸ್ಕರ್ ಎಂಬ ಹೆಸರಿನಿಂದ ಪಟ್ಟವೇರಿದನು. ಹೀಗೆ ಗೇಲಿಕ್ ವೀರನ ಹೆಸರು ಸ್ಕ್ಯಾಂಡಿನೇವಿಯದ ಮನೆಮಾತಾಯಿತು. 1854ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಆಸ್ಕರ್ ವೈಲ್ಡನ ಪೂರ್ಣ ಹೆಸರಿನಲ್ಲಿ, ಮ್ಯಾಕ್‌ಫರ್ಸನ್ ಫಿನ್‌ನಿಗೆ ಕೊಟ್ಟ ‘ಫಿಂಗಲ್’ ಎಂಬ ರೂಪವೂ ಇದೆ. ಐರಿಷ್ ಹೆಸರು ಸ್ಕಾಟಿಷ್ ರೂಪದ ಜೊತೆಗೂಡಿ ತವರಿನಲ್ಲೇ ಮತ್ತೆ ಕಾಣಿಸಿಕೊಂಡಿತು.

ಮ್ಯಾಕ್‌ಫರ್ಸನ್ನನ ಕೃತಿ ಹೆಸರಿನ ಮೂಲಕ್ಕೆ ದುರ್ಬಲ ಸಾಕ್ಷ್ಯ. ಅದರ ಪ್ರಸಾರಕ್ಕಾದರೋ ಅತ್ಯಂತ ಪ್ರಬಲ ಸಾಕ್ಷ್ಯ. ಈ ವಿವೇಚನೆ ಕನ್ನಡದ ನಾಮಾಧ್ಯಯನಕ್ಕೂ ಅಗತ್ಯ. ಗಂಗರ ಹಲವು ತಾಮ್ರಶಾಸನಗಳನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರೆ, ರೈಸ್ ಅವುಗಳನ್ನು ಸಮರ್ಥಿಸಿದರು. ಆ ಚರ್ಚೆ ರಾಜರ ಕಾಲನಿರ್ಣಯಕ್ಕೆ ಸಂಬಂಧಿಸಿದುದು. ಶಾಸನವೊಂದು ಕೂಟವೆಂದು ಸಿದ್ಧವಾದರೂ ಅದರಲ್ಲಿನ ಹೆಸರುಗಳು ನಿರರ್ಥಕವಾಗುವುದಿಲ್ಲ. ಅವು ಶಾಸನ ಹೇಳಿಕೊಳ್ಳುವ ಕಾಲಕ್ಕೆ ಸಾಕ್ಷಿಯಾಗದಿದ್ದರೂ, ಅದನ್ನು ಬರೆಯಿಸಿದ ಕಾಲದಲ್ಲಿ ಯಾವ ಹೆಸರುಗಳಿಗೆ ಗೌರವವಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತವೆ. ಸಂಶೋಧಕರು ಇಂತಹ ಆಕರಗಳನ್ನು ಬದಿಗಿಡುವ ಮೊದಲು, ಅವು ಯಾವ ಪ್ರಶ್ನೆಗೆ ಉತ್ತರ ನೀಡಬಲ್ಲವು ಎಂಬುದನ್ನು ವಿಚಾರಿಸಬೇಕೆಂದು ನನ್ನ ಅಭಿಪ್ರಾಯ.