ಮಾತ್ರೆಗೆ ಮೊದಲು ರಕ್ತಪರೀಕ್ಷೆ

ವಾರ ಕಳೆದರೂ ಬಿಡದ ಸಣ್ಣ ಜ್ವರ. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು, ಊಟ ರುಚಿಸದು. ಮನೆಯವರು ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ಆಂಟಿಬಯೋಟಿಕ್ ತರುತ್ತಾರೆ. ಜ್ವರ ಇಳಿದು ಮತ್ತೆ ಬರುತ್ತದೆ. ಈ ಅಭ್ಯಾಸ ಯಾರಿಗೂ ಒಳ್ಳೆಯದಲ್ಲ. ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಕೆಟ್ಟವರಿಗೆ, ಕೃತಕ ಕವಾಟ ಹಾಕಿಸಿಕೊಂಡವರಿಗೆ ಮಾತ್ರ ಇದು ಪ್ರಾಣಕ್ಕೇ ಕುತ್ತು. ಆ ಜ್ವರ ಕವಾಟದ ಸೋಂಕಿನದ್ದಾಗಿರಬಹುದು.

ಈ ಸೋಂಕು ತರುವ ಬ್ಯಾಕ್ಟೀರಿಯಾ ಒಂದೇ ಬಗೆಯದಲ್ಲ. ಚರ್ಮದ ಮೇಲಿರುವ ಸ್ಟೆಫೈಲೊಕಾಕಸ್ ಆರಿಯಸ್ ರಕ್ತ ಸೇರಿದರೆ ಕೆಲವೇ ದಿನಗಳಲ್ಲಿ ಕವಾಟ ಹಾಳುಮಾಡಬಲ್ಲದು. ಬಾಯಿಯ ಸ್ಟ್ರೆಪ್ಟೊಕಾಕಸ್‌ಗಳು ವಾರಗಟ್ಟಲೆ ಸದ್ದಿಲ್ಲದೆ ಕೊರೆಯುತ್ತವೆ. ಹೆಸರು ಒಂದೇ ಆದರೂ ಗುಣ ಒಂದೇ ಇರುವುದಿಲ್ಲ. ಬಾಯಿಯಲ್ಲೇ ಇರುವ ಸ್ಟ್ರೆಪ್ಟೊಕಾಕಸ್ ಮೈಟಿಸ್, ನೆರೆಯ ಬ್ಯಾಕ್ಟೀರಿಯಾಗಳ ವಂಶವಾಹಿ ಚೂರುಗಳನ್ನು ಒಳಗೆಳೆದುಕೊಂಡು ತನ್ನದಾಗಿಸಿಕೊಳ್ಳುತ್ತದೆ. ಒಬ್ಬರ ಬಾಯಲ್ಲೇ ಅದರ ಹಲವು ತಳಿಗಳಿರುತ್ತವೆ. ಒಂದು ಪೆನ್ಸಿಲಿನ್‌ಗೆ ಸಾಯುತ್ತದೆ, ಇನ್ನೊಂದು ಜಗ್ಗುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಎರಡೂ ಮಣಿಸರದಂತೆಯೇ ಕಾಣುತ್ತವೆ!

ಎಷ್ಟೇ ಅನುಭವಿ ವೈದ್ಯರಾದರೂ ಊಹೆಯಿಂದ ಇದನ್ನು ಹೇಳಲಾರರು. ಅದಕ್ಕೇ ಔಷಧಿಯ ಮೊದಲ ಗುಳಿಗೆಗೆ ಮುನ್ನವೇ ಬೇರೆ ಬೇರೆ ಕಡೆಯಿಂದ ಸಾಮಾನ್ಯವಾಗಿ ಮೂರು ಬಾರಿ ರಕ್ತ ತೆಗೆದು ಕಲ್ಚರ್ ಮಾಡಿಸುತ್ತಾರೆ. ಮೊದಲೇ ಆಂಟಿಬಯೋಟಿಕ್ ನುಂಗಿದ್ದರೆ ಬಾಟಲಿಯಲ್ಲಿ ಏನೂ ಬೆಳೆಯದೇ ಹೋಗಬಹುದು. ಕವಾಟದ ಮೇಲಿನ ಗಂಟಿನೊಳಗೆ ಮಾತ್ರ ಅವು ಜೀವಂತ. ಆಮೇಲೆ ನಾಲ್ಕರಿಂದ ಆರು ವಾರ ನರಕ್ಕೆ ಕೊಡುವ ಔಷಧಿಯನ್ನು ಕತ್ತಲಲ್ಲಿ ತಡಕಾಡುತ್ತಾ ಆರಿಸಬೇಕು. ಹೆಸರು ಗೊತ್ತಾದರೆ ಇನ್ನೊಂದು ಲಾಭವೂ ಇದೆ. ಸ್ಟ್ರೆಪ್ಟೊಕಾಕಸ್ ಗ್ಯಾಲೊಲಿಟಿಕಸ್ ಸಿಕ್ಕರೆ ವೈದ್ಯರು ದೊಡ್ಡ ಕರುಳನ್ನೂ ಪರೀಕ್ಷಿಸುತ್ತಾರೆ, ಅಲ್ಲಿ ಗಡ್ಡೆ ಇರುವ ಸಾಧ್ಯತೆ ಹೆಚ್ಚು.

ರುಮ್ಯಾಟಿಕ್ ತೊಂದರೆಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚುಮದ್ದು ಪಡೆಯುವವರ ಬಾಯಿಯ ಬ್ಯಾಕ್ಟೀರಿಯಾ ಆ ಔಷಧಿಗೆ ಒಗ್ಗಿಹೋಗಿರಬಹುದು. ಹಾಗೆಂದು ಚುಚ್ಚುಮದ್ದು ನಿಲ್ಲಿಸಬೇಡಿ, ಆದರೆ ಹಲ್ಲಿನ ವೈದ್ಯರಿಗೆ ತಪ್ಪದೆ ತಿಳಿಸಿ. ಹಲ್ಲು ಕೀಳಿಸುವ ದಿನ ಮಾತ್ರ ಎಚ್ಚರ ವಹಿಸಿದರೆ ಸಾಲದು. ಒಸಡು ಊದಿದ್ದರೆ ಊಟ ಜಗಿಯುವಾಗಲೂ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ. ಬ್ರಷ್ ಇರಲಿ, ಮಿಸ್ವಾಕ್ ಇರಲಿ, ಉಜ್ಜುವಾಗ ರಕ್ತ ಬಂದರೆ ಆ ವಾರವೇ ಒಸಡು ತೋರಿಸಿ. ಜ್ವರಕ್ಕೆ ಯಾವುದೇ ಕ್ಲಿನಿಕ್‌ಗೆ ಹೋದರೂ ಮೊದಲ ಮಾತಾಗಿ, "ಡಾಕ್ಟ್ರೇ, ನನಗೆ ಕವಾಟದ ತೊಂದರೆ ಇದೆ" ಎಂದು ಹೇಳಿ.