ಅಡಿಗೆಮನೆಯೂ ರಾಜ್ಯಶಾಸ್ತ್ರವೂ

ವಿದ್ವಾಂಸನಾದವನು ಚಳವಳಿಗಳ ಗೊಡವೆಗೆ ಹೋಗಬಾರದು, ಅದರಲ್ಲಿಯೂ ಸ್ತ್ರೀವಾದವೆಂಬುದು ಶಾಸ್ತ್ರವೇ ಅಲ್ಲ, ಬರಿಯ ವಕಾಲತ್ತು ಎಂದು ಹೇಳುವ ಮಹನೀಯರು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅವರ ಮಾತಿನಲ್ಲಿ ಗಾಂಭೀರ್ಯವುಂಟು, ಹುರುಳುಂಟೆ?

ಅವರು ಕಲಿಸುವ ಶಾಸ್ತ್ರವನ್ನೇ ನೋಡೋಣ. ರೂಸೋ 1762ರಲ್ಲಿ ಎರಡು ಗ್ರಂಥಗಳನ್ನು ಪ್ರಕಟಿಸಿದ. ‘ಸಾಮಾಜಿಕ ಒಡಂಬಡಿಕೆ’ ರಾಜ್ಯಶಾಸ್ತ್ರದ ತರಗತಿಗೆ ಬಂದಿತು. ‘ಎಮಿಲ್’ ಶಿಕ್ಷಣಶಾಸ್ತ್ರದವರ ಪಾಲಾಯಿತು. ಮೊದಲನೆಯದರಲ್ಲಿ ಸ್ವತಂತ್ರ ಪ್ರಜೆಯನ್ನು ಕೊಂಡಾಡಿದವನೇ ಎರಡನೆಯದರ ಕೊನೆಯ ಭಾಗದಲ್ಲಿ ಹೆಣ್ಣಿನ ವಿದ್ಯೆಯೆಲ್ಲ ಗಂಡಸಿನ ಸುಖಕ್ಕೆ ಒದಗಬೇಕೆಂದು ವಿಧಿಸಿದ. ಎರಡನ್ನೂ ಒಟ್ಟಿಗೆ ಓದಿದರೆ ಆ ಪ್ರಜೆ ಯಾರು, ಅವನಿಗೆ ಅನ್ನ ಬೇಯಿಸುವವರು ಯಾರು ಎಂಬುದು ತಾನಾಗಿ ಹೊಳೆಯುತ್ತದೆ. ಒಟ್ಟಿಗೆ ಓದಿಸುವವರು ಎಷ್ಟು ಮಂದಿ? ಸ್ವಾತಂತ್ರ್ಯವನ್ನು ಕುರಿತು ಮಿಲ್ ಬರೆದದ್ದು ಪಠ್ಯ. ಸ್ತ್ರೀಯರ ಅಧೀನತೆಯನ್ನು ಕುರಿತು ಅವನೇ 1869ರಲ್ಲಿ ಹೊರತಂದದ್ದು ಬಹುಮಟ್ಟಿಗೆ ಅಡಿಟಿಪ್ಪಣಿ. ಇದನ್ನು ನಿಷ್ಪಕ್ಷಪಾತವೆಂದು ಕರೆಯುವುದಾದರೆ ಪಕ್ಷಪಾತಕ್ಕೆ ಬೇರೆ ಅರ್ಥ ಹುಡುಕಬೇಕಾದೀತು.

2013ರಲ್ಲಿ ತೀರಿಕೊಂಡ ವೀಣಾ ಮಜುಂದಾರ್ ಪಾಠ ಹೇಳಿದ್ದೂ ಇದೇ ರಾಜ್ಯಶಾಸ್ತ್ರವನ್ನು—ಪಾಟ್ನಾದಲ್ಲಿ, ಆಮೇಲೆ ಒಡಿಶಾದ ಬರ್ಹಾಂಪುರದಲ್ಲಿ. ಸ್ತ್ರೀಯರ ಸ್ಥಿತಿಗತಿಗಳ ಪರಿಶೀಲನೆಗೆಂದು ಭಾರತ ಸರ್ಕಾರ 1971ರಲ್ಲಿ ನೇಮಿಸಿದ ಸಮಿತಿಗೆ ಆಕೆ ಸದಸ್ಯ-ಕಾರ್ಯದರ್ಶಿಯಾದರು. ಸಮಿತಿ ಊರೂರು ಸುತ್ತಿತು; ಜನಗಣತಿಯ ಕೋಷ್ಟಕಗಳನ್ನು ಬಿಚ್ಚಿತು. ಸಾವಿರ ಗಂಡಸರಿಗೆ 1901ರಲ್ಲಿ 972 ಹೆಂಗಸರಿದ್ದರು, 1971ರಲ್ಲಿ 930. ಸಂವಿಧಾನ ಸಮಾನತೆಯನ್ನು ಸಾರಿದ ಮೇಲೂ ಇಳಿತ ನಿಂತಿರಲಿಲ್ಲ. ಈ ಅಂಕಿಗಳೇನು ಗುಟ್ಟಾಗಿರಲಿಲ್ಲ. ಹತ್ತು ವರ್ಷಕ್ಕೊಮ್ಮೆ ಸರ್ಕಾರವೇ ಅಚ್ಚುಹಾಕಿಸುತ್ತಿತ್ತು. ಸಾರ್ವಭೌಮತ್ವವನ್ನು ಕುರಿತು ಗಂಟೆಗಟ್ಟಲೆ ಉಪನ್ಯಾಸ ಮಾಡುತ್ತಿದ್ದವರಲ್ಲಿ ಎಷ್ಟು ಮಂದಿ ಇದನ್ನು ತಮ್ಮ ಶಾಸ್ತ್ರದ ವಿಷಯವೆಂದು ತಿಳಿದರು? ಹೆಂಗಸರ ಸಾವು ಮನೆವಾರ್ತೆ, ರಾಜಕೀಯವಲ್ಲ!

1974ರ ಕೊನೆಯಲ್ಲಿ ‘ಸಮಾನತೆಯ ಕಡೆಗೆ’ ಎಂಬ ವರದಿ ಸಿದ್ಧವಾಯಿತು. ಶಾಸನಸಭೆಗಳಲ್ಲಿ ಸ್ತ್ರೀಯರಿಗೆ ಮೀಸಲು ಸ್ಥಾನ ಬೇಡವೆಂದು ಬಹುಮತ. ಮಜುಂದಾರ್ ಅವರೂ ಕಾನೂನಿನ ಪ್ರಾಧ್ಯಾಪಕಿ ಲೋತಿಕಾ ಸರ್ಕಾರ್ ಅವರೂ ಒಪ್ಪದೆ ಭಿನ್ನಮತದ ಟಿಪ್ಪಣಿ ಬರೆದರು. ಸಂವಿಧಾನ ಸಭೆಯಲ್ಲಿ ರೇಣುಕಾ ರಾಯ್ ಅವರಂಥ ಹಿರಿಯರೇ ಮೀಸಲಾತಿಯನ್ನು ಬೇಡವೆಂದಿದ್ದರು, ನಿಜ. ಅವರ ಸ್ವಾಭಿಮಾನಕ್ಕೆ ಕೈಮುಗಿಯೋಣ. ಆದರೆ ಕಾಲು ಶತಮಾನ ಫಲವನ್ನು ಕಂಡಮೇಲೂ ಹಳೆಯ ತತ್ತ್ವವನ್ನೇ ಒಪ್ಪಿಸುತ್ತಿರುವುದು ಗಿಳಿಪಾಠ.

ಅಂದು ಅಲ್ಪಮತವಾಗಿದ್ದ ವಾದ ಆಮೇಲೆ ಬೇರೆ ಬೇರೆ ದಾರಿಯಿಂದ ಕಾಯಿದೆಯಾಯಿತು. ಕರ್ನಾಟಕ 1983ರ ಶಾಸನದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಲ್ಲಿ ಸ್ತ್ರೀಯರಿಗೆ ಶೇಕಡ 25 ಸ್ಥಾನ ಕೊಟ್ಟು 1987ರಲ್ಲಿ ಚುನಾವಣೆ ನಡೆಸಿತು. ದೇಶಕ್ಕೆಲ್ಲ ಮೂರರಲ್ಲೊಂದು ಪಾಲು ಬಂದದ್ದು 1992ರ 73ನೆಯ ತಿದ್ದುಪಡಿಯಿಂದ. ಗಂಡ ಆಳುತ್ತಾನೆ, ಹೆಂಡತಿ ಹೆಬ್ಬೆಟ್ಟು ಒತ್ತುತ್ತಾಳೆ ಎಂದು ನಕ್ಕವರುಂಟು. ಕೆಲವೆಡೆ ಹಾಗೂ ಆಯಿತು. ಗೌಡರ ಹುಬ್ಬು ನೋಡಿ ಗಂಡಸರು ಕೈಯೆತ್ತುತ್ತಿದ್ದಾಗ ಮಾತ್ರ ಈ ನಗೆ ಕೇಳಿಸಿರಲಿಲ್ಲ. ಲೋಕಸಭೆ, ವಿಧಾನಸಭೆಗಳ ಸರದಿ ಬರಲು 2023ರವರೆಗೆ ಕಾಯಬೇಕಾಯಿತು. ಆ ತಿದ್ದುಪಡಿಯನ್ನೂ ಜನಗಣತಿ, ಕ್ಷೇತ್ರವಿಂಗಡಣೆಗಳ ಬಾಲಕ್ಕೆ ಕಟ್ಟಿಯೇ ಅಂಗೀಕರಿಸಿದರು.

ವರದಿ ಬರೆದು ಕೈತೊಳೆದುಕೊಂಡಿದ್ದರೆ ಮಜುಂದಾರ್ ಅವರನ್ನು ಪಂಡಿತರೂ ಮೆಚ್ಚುತ್ತಿದ್ದರೇನೊ. ಆಕೆ ಸಂಗಡಿಗರೊಂದಿಗೆ 1980ರಲ್ಲಿ ದೆಹಲಿಯಲ್ಲಿ ಸ್ತ್ರೀ ಅಭಿವೃದ್ಧಿಯ ಅಧ್ಯಯನ ಕೇಂದ್ರವನ್ನು ಕಟ್ಟಿ, ಅಲ್ಲಿಂದ ಪಶ್ಚಿಮ ಬಂಗಾಳದ ಬಾಂಕುರಾ ಜಿಲ್ಲೆಯ ಹಳ್ಳಿಗಳಿಗೆ ನಡೆದರು. ಕೂಲಿಗಾಗಿ ಗುಳೆ ಹೋಗುತ್ತಿದ್ದ ಬಡ ಹೆಂಗಸರು ಅಲ್ಲಿ ಸಂಘ ಕಟ್ಟಿಕೊಂಡು, ಪಾಳುನೆಲದಲ್ಲಿ ಮರ ಬೆಳೆಸಿ ಟಸ್ಸರ್ ರೇಷ್ಮೆಯ ಹುಳು ಸಾಕಿದರು. ನೆಲ, ಕೂಲಿ, ಗುಳೆ, ಸಂಘ—ಇವು ರಾಜ್ಯಶಾಸ್ತ್ರದ ಯಾವ ಅಧ್ಯಾಯಕ್ಕೂ ಸೇರವೆಂದಾದರೆ, ಆ ಅಧ್ಯಾಯಗಳಲ್ಲಿ ಇನ್ನೇನು ಉಳಿದಿದೆ ಎಂಬುದನ್ನು ನಮ್ಮ ಮಹನೀಯರೇ ತಿಳಿಸಬೇಕು.