ನಾಪೋಕ್ಲುವಿನಿಂದ ಮಡಿಕೇರಿಗೆ ಒಂದು ವರ್ಷ

2024ರ ಏಪ್ರಿಲ್‌ನಲ್ಲಿ ಕೊಡಗಿನ ನಾಪೋಕ್ಲುವಿನಲ್ಲಿ 360 ಹಾಕಿ ತಂಡಗಳು ಸೇರಿದ್ದವು. ಊರಿನ ತಂಡಗಳಲ್ಲ, ಕ್ಲಬ್ಬಿನವೂ ಅಲ್ಲ. ಒಂದೊಂದು ತಂಡವೂ ಒಂದೊಂದು ಮನೆತನ. ಕುಂಡ್ಯೋಳಂಡ ಒಕ್ಕ ಆತಿಥ್ಯ ವಹಿಸಿದ್ದ ಆ ಕೊಡವ ಹಾಕಿ ಹಬ್ಬ ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿಯೆಂದು ಗಿನ್ನೆಸ್ ಪುಸ್ತಕ ಸೇರಿತು. ಮರುವರ್ಷ ಮುದ್ದಂಡ ಒಕ್ಕದ ಸರದಿ ಬಂದು ಹಬ್ಬ ಮಡಿಕೇರಿಗೆ ಸಾಗಿದಾಗ ತಂಡಗಳ ಸಂಖ್ಯೆ 396ಕ್ಕೆ ಏರಿತ್ತು. ಈ ಎರಡು ಹಬ್ಬಗಳ ನಡುವಿನ ಹನ್ನೆರಡು ತಿಂಗಳು ಕೊಡಗಿನ ಆಟ, ದುಡಿಮೆ, ಮನೆತನ ಮೂರನ್ನೂ ಒಟ್ಟಿಗೆ ನೋಡಲು ತಕ್ಕ ಅವಧಿ. ಅಲ್ಲಿ ಈ ಮೂರರ ಲೆಕ್ಕ ಒಂದೇ ಪುಸ್ತಕದಲ್ಲಿದೆ.

ಒಕ್ಕ ಎಂದರೆ ತಂದೆಯ ಕಡೆಯಿಂದ ಒಂದೇ ಮೂಲಪುರುಷನಿಗೆ ಸೇರಿದ ಕುಟುಂಬಗಳ ಬಳಗ. ಅದಕ್ಕೊಂದು ಐನ್‌ಮನೆ ಎಂಬ ಮೂಲಮನೆ, ಐನ್‌ಮನೆಯ ಪಕ್ಕದಲ್ಲಿ ಮೂಲಪುರುಷನಾದ ಗುರುಕಾರಣನ ಗುಡಿ ಕೈಮಡ, ವಂಶಪಾರಂಪರ್ಯವಾಗಿ ಬಂದ ಒಂದಷ್ಟು ಜಮ್ಮಾ ಗದ್ದೆ ಇರುತ್ತವೆ. ಕೊಡವರು ಹೆಸರಿಗಿಂತ ಮೊದಲು ಮನೆಹೆಸರು ಹೇಳುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ವಿರಾಜಪೇಟೆ ಬಳಿಯ ಕರಡದಲ್ಲಿ ಮೊದಲ ಹಬ್ಬ ನಡೆಸಿದಾಗ ಬಂದದ್ದು 60 ತಂಡ. ಅವರ ಯೋಚನೆ ಸರಳವಾಗಿತ್ತು: ಬ್ಯಾಂಕು, ಸೇನೆ, ಬೆಂಗಳೂರು ಎಂದು ಚದುರಿದ ಅಣ್ಣತಮ್ಮಂದಿರು ವರ್ಷಕ್ಕೊಮ್ಮೆಯಾದರೂ ಒಂದೇ ಬಣ್ಣದ ಅಂಗಿ ತೊಡಬೇಕು. ಆಡುವವರೆಲ್ಲ ಒಂದೇ ಒಕ್ಕದವರಾಗಿರಬೇಕು ಎಂಬುದೇ ಹಬ್ಬದ ಮುಖ್ಯ ನಿಯಮ. ದೊಡ್ಡ ಒಕ್ಕಕ್ಕೆ ಅದು ಕಷ್ಟವಲ್ಲ. ಹದಿನೈದಿಪ್ಪತ್ತು ಮನೆಗಳ ಒಕ್ಕ ಹನ್ನೊಂದು ಜನರನ್ನು ಹೊಂದಿಸಬೇಕಾದರೆ ಹೈಸ್ಕೂಲು ಹುಡುಗಿಯೂ ಬೇಕು, ನಿವೃತ್ತ ಸುಬೇದಾರರೂ ಬೇಕು. ಅಂಥ ತಂಡ ಮೊದಲ ಸುತ್ತಿನಲ್ಲೇ ಏಳೆಂಟು ಗೋಲಿನಿಂದ ಸೋತು, ಗುಂಪಾಗಿ ಫೋಟೊ ತೆಗೆಸಿಕೊಂಡು, ಊಟ ಮಾಡಿ ಹೊರಡುತ್ತದೆ. ಹಬ್ಬ ನಿಂತಿರುವುದು ಗೆಲ್ಲುವ ನಾಲ್ಕಾರು ಒಕ್ಕಗಳಿಂದಲ್ಲ, ಹೀಗೆ ಸೋತು ಮತ್ತೆ ಮರುವರ್ಷ ಬರುವ ಮುನ್ನೂರಕ್ಕೂ ಹೆಚ್ಚು ಒಕ್ಕಗಳಿಂದ.

ಹಬ್ಬಕ್ಕೆ ಏಪ್ರಿಲ್ ಒದಗಿರುವುದು ಕೇವಲ ಶಾಲೆಯ ರಜೆಯಿಂದಲ್ಲ. ಆ ಹೊತ್ತಿಗೆ ರೊಬಸ್ಟಾ ಕೊಯ್ಲು ಮುಗಿದಿರುತ್ತದೆ, ಕಣ ಖಾಲಿಯಾಗಿರುತ್ತದೆ, ಮುಂಗಾರು ಇನ್ನೂ ದೂರದಲ್ಲಿರುತ್ತದೆ. ತೋಟದವನಿಗೆ ಆಗ ಉಳಿಯುವ ದೊಡ್ಡ ಚಿಂತೆ ಹೂಮಳೆಯದು. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಒಂದಿಂಚು ಮಳೆ ಬಿದ್ದರೆ, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆಯಂತೆ ಬೆಳ್ಳಗೆ ಅರಳುತ್ತದೆ. ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. 2024ರಲ್ಲಿ ಈ ಲೆಕ್ಕ ತಪ್ಪಿತು. ಹಿಂದಿನ ಮುಂಗಾರು ಕೈಕೊಟ್ಟಿತ್ತು, ಬಿಸಿಲು ಜೋರಾಗಿತ್ತು, ಹೊಳೆ ತೊರೆಗಳು ಸೊರಗಿದ್ದವು. ಕೆಳಗೆ ಬೆಂಗಳೂರು ಟ್ಯಾಂಕರಿಗೆ ಕಾಯುತ್ತಿದ್ದಾಗ, ಕಾವೇರಿ ಹುಟ್ಟುವ ಜಿಲ್ಲೆಯಲ್ಲೂ ತೋಟದ ಕೆರೆಗಳ ತಳ ಕಾಣುತ್ತಿತ್ತು. ನೀರಿದ್ದವರು ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಿಕೊಂಡರು. ಇಲ್ಲದವರು ಮೈದಾನದಲ್ಲಿ ಪಂದ್ಯ ನೋಡುತ್ತಲೇ ಆಕಾಶ ನೋಡಿದರು.

ಜುಲೈ ಕೊನೆಯಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಆರಂಭವಾಯಿತು. ಭಾರತ ಹಾಕಿಯಲ್ಲಿ ಕಂಚು ಗೆದ್ದಿತು. ಆ ತಂಡದಲ್ಲಿ ಕೊಡಗಿನವರು ಒಬ್ಬರೂ ಇರಲಿಲ್ಲ. ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲೂ ಇರಲಿಲ್ಲ. ಈ ಜಿಲ್ಲೆಯ ಚರಿತ್ರೆ ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್, 1975ರಲ್ಲಿ ವಿಶ್ವಕಪ್ಪನ್ನೇ ಗೆದ್ದ ತಂಡದ ಬಿ.ಪಿ. ಗೋವಿಂದ, 1980ರ ಮಾಸ್ಕೊ ಚಿನ್ನದ ಎಂ.ಎಂ. ಸೋಮಯ್ಯ, ಗೋಲ್‌ಕೀಪರ್ ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ ಇವರೆಲ್ಲ ಕೊಡಗಿನ ನಂಟಿನವರು. 2016ರ ರಿಯೊ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ನಾಲ್ವರಿದ್ದರು. ಆಮೇಲೆ ಆ ಸಾಲು ಕಡಿಯಿತು.

ಐದೂವರೆ ಲಕ್ಷ ಜನರ ಜಿಲ್ಲೆಯಲ್ಲಿ 360 ತಂಡ ಒಂದು ಕಡೆ, ಒಲಿಂಪಿಕ್ ಪಟ್ಟಿಯಲ್ಲಿ ಸೊನ್ನೆ ಇನ್ನೊಂದು ಕಡೆ. ಇದನ್ನು ಹಬ್ಬದ ಸೋಲೆಂದು ಎಣಿಸುವವರಿದ್ದಾರೆ; ಆ ಎಣಿಕೆ ಸರಿಯಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದೀಚೆಗೆ ದೊಡ್ಡ ಹಾಕಿ ಕೃತಕ ಹುಲ್ಲಿನ ಮೇಲೇ ನಡೆಯುತ್ತದೆ. ಅಂಥ ಅಂಕಣದಲ್ಲಿ ಚೆಂಡಿನ ವೇಗ ಬೇರೆ, ಬೇಕಾದ ದೇಹಬಲ ಬೇರೆ, ಎಳವೆಯಿಂದಲೇ ವರ್ಷವಿಡೀ ಹಾಸ್ಟೆಲಿನಲ್ಲಿದ್ದು ಕಲಿಯಬೇಕಾದ ಶಿಸ್ತೂ ಬೇರೆ. ಒಡಿಶಾ, ಪಂಜಾಬ್, ಹರಿಯಾಣಗಳಲ್ಲಿ ಹಾಕಿಯೇ ಹುಡುಗನ ಬದುಕಿನ ದಾರಿ. ಕೊಡಗಿನಲ್ಲಿ ಈಗ ಆ ದಾರಿ ಹಿಡಿಯುವವರು ಕಡಿಮೆ. ಎಂಜಿನಿಯರಿಂಗ್ ಮುಗಿಸಿ ಹೊರದೇಶಕ್ಕೆ ಹೋಗುವ ದಾರಿ ಹತ್ತಿರದ್ದು. ಹಬ್ಬ ಹುಟ್ಟಿದ್ದು ಆಟಗಾರರನ್ನು ತಯಾರಿಸಲೆಂದಲ್ಲ, ಹಾಗೆ ಹೋದವರನ್ನು ಕರೆಸಲೆಂದು. ಅಂದಹಾಗೆ ಪ್ಯಾರಿಸ್‌ನಲ್ಲಿ ಕೊಡಗಿನ ಮನೆಹೆಸರುಗಳೇ ಇರಲಿಲ್ಲವೆಂದಲ್ಲ. ಅದೇ ವರ್ಷದ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು 43ನೇ ವಯಸ್ಸಿನಲ್ಲಿ ದಾಖಲೆ ಬರೆದಿದ್ದ ರೋಹನ್ ಬೋಪಣ್ಣ ಟೆನಿಸ್‌ನಲ್ಲಿದ್ದರು, ಅಶ್ವಿನಿ ಪೊನ್ನಪ್ಪ ಬ್ಯಾಡ್ಮಿಂಟನ್‌ನಲ್ಲಿದ್ದರು. ಇಬ್ಬರೂ ಬರಿಗೈಯಲ್ಲಿ ಮರಳಿದರು.

ಪ್ಯಾರಿಸ್ ಪಂದ್ಯಗಳು ಟಿ.ವಿ.ಯಲ್ಲಿ ಬರುವಾಗ ಕೊಡಗಿನಲ್ಲಿ ಕಕ್ಕಡ ಮಾಸ. ಬರದ ಬೇಸಿಗೆಯ ಬೆನ್ನಿಗೇ ಜುಲೈನಲ್ಲಿ ಮಳೆ ಸುರಿಯಿತು. ಅದರೊಡನೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ನೆನಪೂ ಮರಳಿತು. ಆ ಕುಸಿತದ ಮರುವರ್ಷದಿಂದಲೇ ಹಾಕಿ ಹಬ್ಬ ನಿಂತು, ಕೋವಿಡ್ ಕಾಲವೂ ಕಳೆದು, 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕದವರಿಂದ ಮತ್ತೆ ಶುರುವಾಗಿತ್ತು. ಕಕ್ಕಡ ನಾಟಿಯ ಕಾಲ. ಆಗಸ್ಟ್ 3ರಂದು, ಅಂದರೆ ಕಕ್ಕಡ 18ಕ್ಕೆ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಸೊಪ್ಪಿಗೆ ಅಂದು ಹದಿನೆಂಟು ಬಗೆಯ ಔಷಧಿಯ ಗುಣ ಸೇರಿರುತ್ತದೆ ಎಂಬುದು ನಂಬಿಕೆ.

ನಾಟಿಗೂ ಒಂದು ಆಟವಿತ್ತು. ಮನೆಯ ದೊಡ್ಡ ಗದ್ದೆಯಲ್ಲಿ ನಾಟಿ ಮುಗಿಸುವ ಮುನ್ನ ಉದ್ದಕ್ಕೂ ಹತ್ತಡಿ ಅಗಲದ ಜಾಗ ಬಿಟ್ಟು, ಆ ಕೆಸರಿನಲ್ಲಿ ಗಂಡಸರು ಓಡುತ್ತಿದ್ದರು. ಗೆದ್ದವರಿಗೆ ಬಟ್ಟೆ, ಬಾಳೆಗೊನೆ, ಹಲಸಿನ ಹಣ್ಣು ಬಹುಮಾನ. ಹತ್ತೊಂಬತ್ತನೇ ಶತಮಾನದ ಬರಹಗಳು ಇನ್ನೊಂದು ಮಾತನ್ನೂ ದಾಖಲಿಸಿವೆ: ಗದ್ದೆಯಲ್ಲಿ ದುಡಿದವರೆಲ್ಲ ಓಡಬಹುದಿತ್ತು, ಬಹುಮಾನ ಮಾತ್ರ ಕೊಡವರಿಗೇ ಸಲ್ಲುತ್ತಿತ್ತು. ನಾಟಿ ಓಟವನ್ನು ಸೌಹಾರ್ದದ ಹಳೆಯ ಚಿತ್ರವಾಗಿ ತೋರಿಸುವ ಭಾಷಣಗಳಲ್ಲಿ ಈ ಸಾಲು ಕಾಣಿಸುವುದಿಲ್ಲ. ಈಗ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಯಾರು ಬೇಕಾದರೂ ಓಡಬಹುದು, ಗೆದ್ದವರಿಗೆ ಬಹುಮಾನವೂ ಉಂಟು. ಗದ್ದೆಯೇ ಕಡಿಮೆಯಾಗಿದೆ ಅಷ್ಟೆ. ಆಳು ಸಿಗದೆ, ಆನೆ ಕಾಟ ತಾಳದೆ, ಭತ್ತದಲ್ಲಿ ಹಾಕಿದ ದುಡ್ಡು ಹುಟ್ಟದೆ ಎಷ್ಟೋ ಗದ್ದೆ ಪಾಳುಬಿದ್ದಿವೆ. ಕೆಲವು ಶುಂಠಿಗೆ, ಕೆಲವು ತೋಟಕ್ಕೆ, ಕೆಲವು ಹೋಂಸ್ಟೇಗೆ ಹೋಗಿವೆ. ಹಿಂದೆ ಅಣ್ಣತಮ್ಮಂದಿರನ್ನು ವರ್ಷಕ್ಕೊಮ್ಮೆ ಒಂದೇ ಕೆಸರಿಗೆ ಇಳಿಸುತ್ತಿದ್ದ ಕೆಲಸ ನಾಟಿಯದಾಗಿತ್ತು. ಅದನ್ನೀಗ ಹಾಕಿ ಮಾಡುತ್ತಿದೆ.

ಸೆಪ್ಟೆಂಬರ್ 3ಕ್ಕೆ ಆಯುಧಗಳ ಹಬ್ಬ ಕೈಲ್‌ಪೊಳ್ದ್. ನಾಟಿ ಕೆಲಸ ಮುಗಿದು ನೇಗಿಲು, ಕತ್ತಿ, ಕೋವಿ ಎಲ್ಲವೂ ಮನೆಯ ನಡುಕೋಣೆ ನೆಲ್ಲಕ್ಕಿಯ ದೀಪದ ಮುಂದೆ ಸೇರುತ್ತವೆ. ಕೋವಿಗೆ ತೋಕ್‌ಪೂ ಎಂಬ ಹೂವಿನ ಅಲಂಕಾರ, ಎಲೆಯಲ್ಲಿ ಕಡಂಬುಟ್ಟು ಮತ್ತು ಪಂದಿ ಕರಿ, ಊಟದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ.

ಅಕ್ಟೋಬರ್ 17ರ ಕಾವೇರಿ ಸಂಕ್ರಮಣ ಮತ್ತು ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿ ಮನೆಯ ಹಬ್ಬಗಳು. ಆದರೆ ಪುತ್ತರಿ ಕಾಫಿ ಕೊಯ್ಲಿನ ನಡುವೆ ಬರುತ್ತದೆ, ಹಾಗಾಗಿ ಊರಿಗೆ ಬಂದವರಿಗೆ ಎರಡು ದಿನಕ್ಕಿಂತ ಹೆಚ್ಚು ಬಿಡುವಿರುವುದಿಲ್ಲ. ರಾತ್ರಿ ಐನ್‌ಮನೆಯಿಂದ ಗದ್ದೆಗೆ ಹೋಗಿ ಕದಿರು ಕೊಯ್ದು, ಗುಂಡು ಹಾರಿಸಿ, ಪೊಲಿ ಕೂಗುತ್ತ ಮರಳುತ್ತಾರೆ. ತಂಬುಟ್ಟು ತಿಂದು, ಮಾರನೆಯ ದಿನಗಳಲ್ಲಿ ಊರ ಬಯಲಾದ ಮಂದ್‌ನಲ್ಲಿ ಕೋಲಾಟ, ಕೋಲು-ಗುರಾಣಿಯ ಪರಿಯಕಳಿ ಆಡುತ್ತಾರೆ. ಬೋವೇರಿಯಂಡ ಚಿಣ್ಣಪ್ಪ ಮತ್ತು ನಂಜಮ್ಮ ದಂಪತಿ ಕೊಡಗಿನ ಐನ್‌ಮನೆಗಳನ್ನು ಹುಡುಕಿಕೊಂಡು ಸುತ್ತಿ ದಾಖಲಿಸಿದ್ದಾರೆ. ಆದರೆ ಎಷ್ಟೋ ಐನ್‌ಮನೆಗಳಲ್ಲಿ ದೀಪ ಹಚ್ಚಲು ಒಬ್ಬರೋ ಇಬ್ಬರೋ ವಯಸ್ಸಾದವರು ಮಾತ್ರ ಉಳಿದಿದ್ದಾರೆ. ಹಾಕಿ ಹಬ್ಬ ಶುರುವಾದ ಮೇಲೆ ಹೆಂಚು ಬದಲಾದ ಐನ್‌ಮನೆಗಳೂ ಉಂಟು, ಏಕೆಂದರೆ ತಂಡ ಕಟ್ಟಲು ಸಭೆ ಸೇರಬೇಕು, ಸಭೆಗೆ ಒಂದು ಮಾಡು ಬೇಕು.

ಆ ಡಿಸೆಂಬರಿನ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ಕೊಡಗಿಗೂ ಬಂತು. ಹಣ್ಣಾದ ಅರೇಬಿಕಾ ಗಿಡದಿಂದ ಉದುರಿತು, ಕಣದಲ್ಲಿ ಹರವಿದ್ದ ಕಾಫಿಗೆ ಟಾರ್ಪಾಲು ಹೊದಿಸಬೇಕಾಯಿತು. ಬೇರೆ ವರ್ಷವಾಗಿದ್ದರೆ ದೊಡ್ಡ ಗೋಳಾಗುತ್ತಿತ್ತು. ಈ ಸಲ ಬೆಲೆ ಗೋಳನ್ನು ನುಂಗಿತು. ವಿಯೆಟ್ನಾಂ, ಬ್ರೆಜಿಲ್‌ಗಳಲ್ಲಿ ಬರ ಬಿದ್ದು ಜಾಗತಿಕ ದಾಸ್ತಾನು ಇಳಿದಿತ್ತು. ಲಂಡನ್ ಪೇಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಕೊಡಗಿನಲ್ಲಿ 50 ಕೆ.ಜಿ. ರೊಬಸ್ಟಾ ಚೆರಿ ಚೀಲ 10,000 ರೂಪಾಯಿ ಮೀರಿತು. ನಾಲ್ಕೈದು ವರ್ಷ ಹಿಂದೆ ಇದರ ಅರ್ಧವೂ ಇರಲಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವ ಕರ್ನಾಟಕದಲ್ಲಿ ಕೊಡಗಿನದು ದೊಡ್ಡ ಪಾಲು. ಹಳೆಯ ಸಾಲ ತೀರಿತು, ಹೊಸ ಜೀಪು ಬಂತು, ರಾತ್ರಿ ಕಣದಲ್ಲಿ ಕಾಫಿ ಕಾಯುವವರೂ ಬಂದರು.

ಈ ಹಣ ಎಲ್ಲರಿಗೂ ಒಂದೇ ಸಮನೆ ಹರಿಯಲಿಲ್ಲ. ಹೂಮಳೆ ತಪ್ಪಿದ ತೋಟದಲ್ಲಿ ಬೆಲೆ ಇದ್ದೂ ಮಾರಲು ಚೀಲವಿರಲಿಲ್ಲ. ಕೊಯ್ಯುವವರಲ್ಲಿ ಈಗ ಅಸ್ಸಾಂ ಕಡೆಯವರೇ ಬಹಳ. ಅವರೊಡನೆ ತೋಟದ ಕೂಲಿಯವರ ಲೈನ್ ಮನೆಗಳ ಯರವ, ಕುರುಬ ಕುಟುಂಬಗಳು. ಕೂಲಿ ಹೆಚ್ಚಿತು, ಆದರೆ ಬೆಲೆ ಏರಿದಷ್ಟಲ್ಲ. ಕೊಡಗಿನ ವರ್ಷದ ಲೆಕ್ಕ ಒಕ್ಕಗಳ ಲೆಕ್ಕವಾಗಿಯೇ ಬರೆಯಲ್ಪಡುವುದರಿಂದ, ಒಕ್ಕವಿಲ್ಲದವರು ಅದರಲ್ಲಿ ಖರ್ಚಿನ ಕಡೆ ಮಾತ್ರ ಕಾಣಿಸುತ್ತಾರೆ. ಹಾಕಿ ಹಬ್ಬದ ಮಾದರಿಯನ್ನು ನೋಡಿ ಅರೆಭಾಷೆ ಗೌಡ ಕುಟುಂಬಗಳೂ ಕ್ರಿಕೆಟ್ ಪಂದ್ಯಾವಳಿ ನಡೆಸತೊಡಗಿವೆ, ಬೇರೆ ಸಮುದಾಯಗಳೂ ತಮ್ಮ ತಮ್ಮ ಕಪ್ ಕಟ್ಟಿವೆ. ಬೇಸಿಗೆಯ ಕೊಡಗಿನಲ್ಲಿ ಖಾಲಿ ಮೈದಾನ ಸಿಗುವುದೇ ಕಷ್ಟ. ಆದರೂ ಒಂದು ಸಮುದಾಯದ ತಂಡ ಇನ್ನೊಂದರ ಎದುರು ಆಡುವ ಸಂದರ್ಭ ಹೆಚ್ಚಿಲ್ಲ.

2025ರಲ್ಲಿ ಹೂಮಳೆ ಹಲವೆಡೆ ಹೊತ್ತಿಗೆ ಸರಿಯಾಗಿ ಬಂತು. ಮಾರ್ಚ್ ಕೊನೆಗೆ ಮಡಿಕೇರಿಯಲ್ಲಿ ಮುದ್ದಂಡ ಒಕ್ಕದ ಹಬ್ಬ ಆರಂಭವಾಯಿತು. ಅದು 25ನೆಯದು. ತಿಂಗಳಿಡೀ ಗ್ಯಾಲರಿಯಲ್ಲಿ ಕಾಫಿ ರೇಟು, ಮದುವೆ ಸಂಬಂಧ, ಯಾರ ಮಗಳು ಯಾವ ದೇಶದಲ್ಲಿದ್ದಾಳೆ ಎಂಬ ಮಾತುಗಳ ನಡುವೆ ಆಗಾಗ ಗೋಲು ಬೀಳುತ್ತಿತ್ತು. ಫೈನಲ್ ಮುಗಿದು ಹಬ್ಬದ ಧ್ವಜ ಮುಂದಿನ ಒಕ್ಕದ ಕೈಗೆ ಹೋದ ಮೇಲೆ, ಬೆಂಗಳೂರಿನ ಕಾರುಗಳು ಕುಶಾಲನಗರ ದಾಟಿದವು. ತೋಟಗಳಲ್ಲಿ ಮುಂಗಾರಿಗೆ ಮುನ್ನ ಮುಗಿಸಬೇಕಾದ ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ, ಶುರುವಾಯಿತು.